ಬಲೂನು ಎತ್ತಲಾರದ ತೂಕ

ಏಪ್ರಿಲ್ 6, ಭಾನುವಾರ

ಇವತ್ತು ನಮ್ಮ ಕೇರಿಯ ಭವನದ ಸಭೆಯಲ್ಲಿ ಎಲ್ಲರ ತಲೆಯೂ ನನ್ನ ಕಡೆ ತಿರುಗಿತು. ಸುಳ್ಳೇಕೆ ಹೇಳಲಿ, ಹಿತವಾಗಿತ್ತು.

ವಿಷಯ ಇಷ್ಟು. ಈ ಸಲ ಜಯಂತಿಯ ಮೆರವಣಿಗೆಯಲ್ಲಿ ಬಾಬಾಸಾಹೇಬರ ಭಾವಚಿತ್ರ ಆಕಾಶದಲ್ಲಿ ಬರಬೇಕು ಎಂದು ನಮ್ಮ ಕೇರಿಯ ಹುಡುಗರು ಹಟ ಹಿಡಿದಿದ್ದಾರೆ. ಬಳ್ಳಾರಿಗೆ ಹೋಗಿ ಮೀನಿನ ಆಕಾರದ ದೊಡ್ಡ ಬಲೂನೊಂದನ್ನು ತಂದೂ ಬಿಟ್ಟಿದ್ದಾರೆ. ಉಬ್ಬಿಸಿದರೆ ಐದು ಮೀಟರ್ ಉದ್ದ, ಹೊಟ್ಟೆಯ ಹತ್ತಿರ ನನ್ನ ಎತ್ತರದಷ್ಟು ಅಗಲ. ಒಳಗೆ ಹೀಲಿಯಂ ತುಂಬಿ, ಕೆಳಗೆ ಭಾವಚಿತ್ರದ ಬಟ್ಟೆ ಕಟ್ಟಿ, ಹಗ್ಗ ಹಿಡಿದು ನಡೆಸಿಕೊಂಡು ಹೋಗುವುದು. ಇದಕ್ಕೆ ಬ್ಲಿಂಪ್ ಎನ್ನುತ್ತಾರೆ ಎಂದು ನಾನು ಹೇಳಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅವರಿಗೆ ಅದು ಬಲೂನು, ಅಷ್ಟೇ.

ಅಧ್ಯಕ್ಷರ ಕುರ್ಚಿಯಲ್ಲಿದ್ದ ಸುಂಕಣ್ಣ ಮಾವ, ಅಂದರೆ ನಮ್ಮ ಅವ್ವನ ಅಣ್ಣ, "ಎಷ್ಟು ಭಾರ ಎತ್ತತೈತಿ ಅದು?" ಎಂದು ಕೇಳಿದ. ಕೇಳಿ ತಾನೇ ನಕ್ಕ. "ಯಾರನ್ನ ಕೇಳಾಕತ್ತೀನಿ ನಾನು! ನಮ್ಮ ಸಂಘಮಿತ್ರಾ ಇಲ್ಲೇ ಅದಾಳಲ್ಲ. ಫಿಜಿಕ್ಸ್ ಎಮ್ಮೆಸ್ಸಿ. ಆಕಿ ಲೆಕ್ಕ ಹಾಕಿದ್ರ ಮುಗೀತು."

ಈ ಕೇರಿಯಲ್ಲಿ ಎಮ್ಮೆಸ್ಸಿ ಮಾಡಿದವಳು ನಾನೊಬ್ಬಳೇ. ಪಿಯು ಕಾಲೇಜಿನಲ್ಲಿ ಪಾಠ ಹೇಳುವವಳೂ ನಾನೊಬ್ಬಳೇ. ಅಕ್ಕಿ ಗಿರಣಿಯಲ್ಲಿ ತೌಡು ಗುಡಿಸಿ ನನ್ನನ್ನು ಓದಿಸಿದ ಅವ್ವ ಹೆಂಗಸರ ಸಾಲಿನಲ್ಲಿ ಕೂತು ಸೆರಗು ಸರಿಮಾಡಿಕೊಂಡಳು. ಎರಡು ದಿನದಲ್ಲಿ ಹೇಳುತ್ತೇನೆ ಎಂದೆ. ಒಂದು ಗಂಟೆಯ ಕೆಲಸ. ಆದರೂ ಎರಡು ದಿನ ಎಂದರೆ ತೂಕ ಹೆಚ್ಚು.

ಏಪ್ರಿಲ್ 8, ಮಂಗಳವಾರ

ಲೆಕ್ಕ ಮುಗಿಯಿತು. ಹೀಲಿಯಂ ತಾನಾಗಿ ಏನನ್ನೂ ಎತ್ತುವುದಿಲ್ಲ. ಬಲೂನು ಎಷ್ಟು ಗಾಳಿಯನ್ನು ಪಕ್ಕಕ್ಕೆ ತಳ್ಳುತ್ತದೋ ಆ ಗಾಳಿಯ ತೂಕದಲ್ಲಿ ಒಳಗಿನ ಹೀಲಿಯಂ ತೂಕ ಕಳೆದರೆ ಉಳಿಯುವುದೇ ಎತ್ತುವ ಬಲ. ಪುಸ್ತಕದ ಪ್ರಕಾರ ಒಂದು ಘನಮೀಟರಿಗೆ ಒಂದು ಕಿಲೋ ಐವತ್ತು ಗ್ರಾಂ. ನಮ್ಮ ಬಲೂನಿನ ಒಳಗೆ ಹಿಡಿಸುವುದು ಆರು ಪಾಯಿಂಟ್ ಏಳು ಘನಮೀಟರ್. ಒಟ್ಟು ಏಳು ಕಿಲೋ. ಬಲೂನಿನ ಚರ್ಮವನ್ನೇ ಮಡಿಸಿ ಕಿರಾಣಿ ಅಂಗಡಿಯ ತಕ್ಕಡಿಗೆ ಹಾಕಿದರೆ ನಾಲ್ಕು ಕಿಲೋ ಏಳುನೂರು ಬಂತು. ಉಳಿದದ್ದು ಎರಡು ಕಿಲೋ ಮುನ್ನೂರು. ಭಾವಚಿತ್ರ, ಬಿದಿರು ಕೋಲು, ಹಗ್ಗ ಎಲ್ಲ ಸೇರಿ ಒಂದು ಕಿಲೋ ಒಂಬೈನೂರು. ಇನ್ನೂ ನಾನೂರು ಗ್ರಾಂ ಮಿಗುತ್ತದೆ.

ಸುಂಕಣ್ಣ ಮಾವನಿಗೆ ಹೇಳಿದೆ. "ಬೇಕಾದ್ರ ಒಂದು ಹೂವಿನ ಹಾರಾನೂ ಹಾಕ್ರಿ" ಎಂದೆ. ಅವನು ಅದನ್ನು ಇಡೀ ಕೇರಿಗೆ ಸಾರಿಕೊಂಡು ಬಂದ.

ಗ್ಯಾಸ್ ತುಂಬುವವನು ಬಸ್ ಸ್ಟ್ಯಾಂಡಿನ ಹಿಂದೆ ಹುಟ್ಟುಹಬ್ಬದ ಬಲೂನು ಮಾರುವವನು. ಮದುವೆಗಳಿಗೆ ಬಲೂನಿನ ಕಮಾನು ಕಟ್ಟುತ್ತಾನೆ. ಪಕ್ಕೀರಪ್ಪ ಅಂತ ಹೆಸರು, ನಮ್ಮ ಕೇರಿಯವನೇ. "ಪೂರ್ತಿ ತುಂಬಬೇಕು ನೋಡು" ಎಂದೆ. "ನಿಮ್ಮ ಲೆಕ್ಕ ಹೆಂಗ ಹೇಳತೈತೋ ಹಂಗರಿ ಮೇಡಂ" ಎಂದ. ಮಾತಾಡುವಾಗ ನನ್ನ ಮುಖ ನೋಡುವುದಿಲ್ಲ, ನನ್ನ ಕೈಯಲ್ಲಿದ್ದ ಪುಸ್ತಕವನ್ನು ನೋಡುತ್ತಾನೆ. ನನಗಿಂತ ಹತ್ತು ವರ್ಷವಾದರೂ ದೊಡ್ಡವನಿರಬೇಕು.

ಏಪ್ರಿಲ್ 14, ಸೋಮವಾರ

ಏಳಲಿಲ್ಲ.

ಏಪ್ರಿಲ್ 15, ಮಂಗಳವಾರ

ನಿನ್ನೆ ಬರೆಯಲು ಕೈ ಬರಲಿಲ್ಲ. ಇವತ್ತು ಬರೆಯುತ್ತೇನೆ.

ಬೆಳಿಗ್ಗೆ ಭವನದ ಒಳಗೆ ಗ್ಯಾಸ್ ತುಂಬಿದರು. ಚೆನ್ನಾಗಿಯೇ ಉಬ್ಬಿತ್ತು. ಮಧ್ಯಾಹ್ನ ಅಂಗಳಕ್ಕೆ ತಂದು ಕಟ್ಟಿದರು. ನಾಲ್ಕು ಗಂಟೆಗೆ ಡೊಳ್ಳು ಶುರುವಾಯಿತು, ಭಾವಚಿತ್ರ ಕಟ್ಟಿದರು. ಬಲೂನು ಆಳೆತ್ತರ ಎದ್ದಂತೆ ಮಾಡಿ ಕೂತುಬಿಟ್ಟಿತು. ಹುಡುಗರು ಕೋಲಿನಿಂದ ಎತ್ತಿ ಹಿಡಿದುಕೊಂಡೇ ಹೊರಟರು. ದೊಡ್ಡ ರಸ್ತೆಗೆ ಬಂದಾಗ ಒಂದು ಬಿಸಿಗಾಳಿ ಬಂತು. ಕೋಲು ಜಾರಿತು. ಭಾವಚಿತ್ರ ನೀರಿನ ಟ್ಯಾಂಕರ್ ನಿಂತು ಹೋಗಿದ್ದ ಕೆಸರಿನ ಮೇಲೆ ಬಿತ್ತು. ಹಿಂದೆ ಬರುತ್ತಿದ್ದವರಿಗೆ ಗೊತ್ತಾಗುವ ಮೊದಲು ಯಾರದೋ ಚಪ್ಪಲಿ ಅದರ ಮೇಲೆ ಬಂತು.

ಡೊಳ್ಳು ನಿಂತಿತು. ಹೆಂಗಸರು ಓಡಿಬಂದು ಸೆರಗಿನಿಂದ ಒರೆಸಿದರು. ಸುಂಕಣ್ಣ ಮಾವ ನನ್ನ ಕಡೆ ತಿರುಗಿ, "ಏನವ್ವ ಇದು?" ಎಂದ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಇಡೀ ಸಿರುಗುಪ್ಪ ನೋಡುತ್ತಿತ್ತು.

ನಾನು ಅಂದೆ: "ನನ್ನ ಲೆಕ್ಕ ಸರಿ ಐತಿ. ಗ್ಯಾಸ್ ಕಡಿಮಿ ಆಗೈತಿ. ಅವನ್ನ ಕೇಳ್ರಿ."

ಘೋಷಣೆ ಕೂಗುವವನ ಮೈಕು ಪಕ್ಕದಲ್ಲೇ ಇತ್ತು. ನನ್ನ ಮಾತು ಎಲ್ಲರಿಗೂ ಕೇಳಿಸಿತು.

ಗ್ಯಾಸಿನವನು ಹೆದರಿಬಿಟ್ಟ. "ಬಿಸಲಾಗ ಡೊಳ್ಳಿನಂಗ ಬಿಗೀ ಆಗಿತ್ರಿ. ಜನದ ಮ್ಯಾಲೆ ಬಿರಿದೀತು ಅಂತ ಒಂದೀಟು ಬಿಟ್ಟೀನ್ರಿ" ಎಂದ. ಅಷ್ಟು ಸಾಕಾಯಿತು. ಒಬ್ಬ ಕೊರಳಪಟ್ಟಿ ಹಿಡಿದ. ಇನ್ನೊಬ್ಬ, ಅರ್ಧ ಗ್ಯಾಸ್ ಸಿಲಿಂಡರಿನಲ್ಲೇ ಉಳಿಸಿಕೊಂಡಿದ್ದಾನೆ, ಕಳ್ಳ ಎಂದ.

ಕಳ್ಳ ಎಂದದ್ದು ನಾನಲ್ಲ. ಗ್ಯಾಸ್ ಬಿಟ್ಟದ್ದು ಅವನೇ ಅಲ್ಲವೇ? ನಾನು ಹೇಳಿದ್ದರಲ್ಲಿ ಸುಳ್ಳು ಎಲ್ಲಿದೆ? ಆದರೂ ಅವ್ವ ರಾತ್ರಿ ಊಟ ಬಡಿಸುವಾಗ ನನ್ನ ಜೊತೆ ಮಾತಾಡಲಿಲ್ಲ.

ಏಪ್ರಿಲ್ 19, ಶನಿವಾರ

ಗ್ಯಾಸಿನವನು ಮನೆಗೆ ಬಂದಿದ್ದ. ನಾನು ಒಳಕೋಣೆಯಲ್ಲಿದ್ದು, ಇಲ್ಲ ಎಂದು ಹೇಳಲು ಅವ್ವನಿಗೆ ಸನ್ನೆ ಮಾಡಿದೆ. ಅವ್ವ ಸುಳ್ಳು ಹೇಳುವವಳಲ್ಲ. "ಒಳಗ ಅದಾಳ, ಹೊರಗ ಬರಂಗಿಲ್ಲಂತ" ಎಂದುಬಿಟ್ಟಳು.

"ಬರೋದು ಬ್ಯಾಡ್ರಿ ಯಕ್ಕ. ತಪ್ಪಾಯ್ತು ಅಂತ ಹೇಳ್ರಿ ಸಾಕು. ಅಷ್ಟು ಓದಿದವ್ರು ಲೆಕ್ಕ ಹಾಕಿದ್ ಮ್ಯಾಲೆ ತಪ್ಪು ನಂದಾ ಇರಬೇಕು."

ಹೊಸ್ತಿಲ ಆಚೆಯಿಂದಲೇ ಹೇಳಿ ಹೋದ. ನೀರು ಕೊಟ್ಟರೂ ಕುಡಿಯಲಿಲ್ಲವಂತೆ. ತಪ್ಪನ್ನು ಅವನೇ ಒಪ್ಪಿಕೊಂಡ ಮೇಲೆ ನನ್ನ ಮನಸ್ಸು ಹಗುರಾಗಬೇಕಿತ್ತು. ಆಗಲಿಲ್ಲ. ಸೆಖೆಗೆ ಇರಬೇಕು.

ಏಪ್ರಿಲ್ 27, ಭಾನುವಾರ

ಕುರುಗೋಡಿನಿಂದ ಇಬ್ಬರು ಬಂದಿದ್ದರು. ಬುದ್ಧ ಪೂರ್ಣಿಮೆಗೆ ಅವರೂ ಬಲೂನು ಹಾರಿಸುತ್ತಾರಂತೆ, ಪಂಚಶೀಲದ ಧ್ವಜ ಕಟ್ಟಿ. ಲೆಕ್ಕ ನಾನು ಹಾಕಿಕೊಡಬೇಕು.

"ನಮ್ಮಲ್ಲಿ ಕಮಾನು ಕಟ್ಟಾಕ ಪಕ್ಕೀರಪ್ಪಗ ಹೇಳಿದ್ವಿ. ಬ್ಯಾಡಂತ ಅಂದ್ವಿ ಈಗ. ಬಾಬಾಸಾಹೇಬ್ರ ಕೆಲಸದಾಗ ಕೈ ಆಡಿಸಿದವ ಬುದ್ಧನ ಕೆಲಸದಾಗ ಬಿಡ್ತಾನೇನು? ಗ್ಯಾಸಿಗೆ ಬಳ್ಳಾರಿಂದ ಬ್ಯಾರೇದವ್ರನ್ನ ಕರಸ್ತೀವಿ."

ನಾನು ತಲೆಯಾಡಿಸಿದೆ. ಬೇರೇನು ಮಾಡಲಿ? ಅವರು ಹೋದ ಮೇಲೆ, ಒಂದು ಮಾತು ಹೇಳಬಹುದಿತ್ತು ಅನ್ನಿಸಿತು. ಏನು ಹೇಳಬೇಕಿತ್ತೋ ತಿಳಿಯಲಿಲ್ಲ.

ಏಪ್ರಿಲ್ 29, ಮಂಗಳವಾರ

ಇವತ್ತು ಆಗಿದ್ದನ್ನು ಸರಿಯಾಗಿ ಬರೆಯಬೇಕು.

ಕಾಲೇಜಿನ ಕೆಲಸಕ್ಕೆ ಬಳ್ಳಾರಿಗೆ ಹೋಗಿದ್ದೆ. ವಾಪಸು ಬರುವಾಗ ಬಸ್ಸಿನ ಸೀಟು ಕಾದ ಹೆಂಚು. ಪಕ್ಕದ ಮುದುಕಿ ಒದ್ದೆ ಟವೆಲನ್ನು ತಲೆಗೆ ಸುತ್ತಿಕೊಂಡು, "ನಮ್ಮ ಬಳ್ಳಾರಿಗೆ ಎರಡಾ ಕಾಲ ನೋಡವ್ವ, ಒಂದು ಬ್ಯಾಸಗಿ, ಇನ್ನೊಂದು ಕಡು ಬ್ಯಾಸಗಿ" ಎಂದು ಹಳೇ ತಮಾಷೆಯನ್ನೇ ಹೇಳಿ ನಕ್ಕಳು. ನಾನೂ ನಕ್ಕೆ.

ಮನೆಗೆ ಬಂದು ಕುರುಗೋಡಿನ ಲೆಕ್ಕಕ್ಕೆ ಕೂತೆ. ಪುಸ್ತಕದ ಕೋಷ್ಟಕ ತೆರೆದೆ. ಒಂದು ಕಿಲೋ ಐವತ್ತು ಗ್ರಾಂ. ಅದರ ತಲೆಯ ಮೇಲೆ ಸಣ್ಣ ಅಕ್ಷರದಲ್ಲಿ: ಸಮುದ್ರ ಮಟ್ಟದಲ್ಲಿ, ಹದಿನೈದು ಡಿಗ್ರಿ ಉಷ್ಣತೆಯಲ್ಲಿ.

ಹದಿನೈದು ಡಿಗ್ರಿ! ಸಿರುಗುಪ್ಪದಲ್ಲಿ, ಏಪ್ರಿಲ್ ತಿಂಗಳಲ್ಲಿ, ಸಂಜೆ ನಾಲ್ಕಕ್ಕೆ!

ಗಾಳಿ ಕಾದರೆ ಹಿಗ್ಗುತ್ತದೆ. ಹಿಗ್ಗಿದ ಗಾಳಿ ಹಗುರ. ಹಗುರ ಗಾಳಿಯನ್ನು ಪಕ್ಕಕ್ಕೆ ತಳ್ಳಿದರೆ ಸಿಗುವ ಬಲವೂ ಕಡಿಮೆ. ಇದನ್ನು ಪ್ರತಿ ವರ್ಷ ಬೋರ್ಡಿನ ಮೇಲೆ ಬರೆಯುತ್ತೇನೆ, ಮಕ್ಕಳಿಂದ ಬಾಯಿಪಾಠ ಮಾಡಿಸುತ್ತೇನೆ. ಇದೇ ಬಿಸಿಲಿನಲ್ಲಿ ಹುಟ್ಟಿ ಇದೇ ಬಿಸಿಲಿನಲ್ಲಿ ಬೆಳೆದವಳು, ಯಾವುದೋ ತಣ್ಣನೆಯ ಕಡಲೂರಿನ ಗಾಳಿಗೆ ಲೆಕ್ಕ ಹಾಕಿ ಹಾರವನ್ನೂ ಹಾಕಿ ಎಂದು ಹೇಳಿದೆ.

ನಲವತ್ತೊಂದು ಡಿಗ್ರಿಗೆ, ನಮ್ಮೂರಿನ ಎತ್ತರಕ್ಕೆ ಲೆಕ್ಕ ಮಾಡಿದೆ. ಆ ಬಲೂನು ತುಂಬಿ ತುಳುಕಿದರೂ ಎತ್ತುವುದು ಒಂದೂವರೆ ಕಿಲೋ. ನಾವು ಕಟ್ಟಿದ್ದು ಒಂದು ಕಿಲೋ ಒಂಬೈನೂರು.

ಏಪ್ರಿಲ್ 30, ಬುಧವಾರ

ಮತ್ತೆ ಮತ್ತೆ ಮಾಡಿದೆ. ಅದೇ ಉತ್ತರ.

ಬೆಳಗಿನ ತಂಪಿಗೆ ಗ್ಯಾಸ್ ಒಂದಿಷ್ಟು ಹೆಚ್ಚೇ ಹಿಡಿಸುತ್ತದೆ ನಿಜ, ಆದರೆ ಹಾಗೆ ತುಂಬಿದ್ದನ್ನು ಒಂದು ಚೂರೂ ಬಿಡದೆ ಇಟ್ಟುಕೊಂಡಿದ್ದರೂ ಒಂದು ಕಿಲೋ ಎಂಟುನೂರು ದಾಟುತ್ತಿರಲಿಲ್ಲ. ಭಾವಚಿತ್ರ ಏಳುತ್ತಿರಲಿಲ್ಲ. ಬಿಸಿಲಿಗೆ ಬಲೂನು ಬಿರಿಯುತ್ತಿತ್ತು, ಕೆಳಗೆ ಮಕ್ಕಳಿದ್ದರು. ಪಕ್ಕೀರಪ್ಪ ಗ್ಯಾಸ್ ಬಿಟ್ಟದ್ದು ಹೆದರಿಕೆಯಿಂದ. ಆದರೆ ಬಿಡಲೇಬೇಕಿತ್ತು.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ನೆಲವನ್ನಲ್ಲ, ಒಬ್ಬ ಮನುಷ್ಯನನ್ನು ತೋರಿಸಿದೆ.

ಮೇ 2, ಶುಕ್ರವಾರ

ಬಸ್ ಸ್ಟ್ಯಾಂಡಿನ ಹಿಂದೆ ಹೋದೆ. ಅಂಗಡಿಯಲ್ಲಿ ಅವರ ಹೆಂಡತಿ ಹಂಪಕ್ಕ ಒಬ್ಬಳೇ ಕೂತಿದ್ದಳು. ಪಕ್ಕೀರಪ್ಪ ಗಿರಣಿಯಲ್ಲಿ ಚೀಲ ಹೊರಲು ಹೋಗಿದ್ದಾರಂತೆ. ಮದುವೆಯ ಕಮಾನುಗಳೆಲ್ಲ ಬೇರೆಯವರ ಪಾಲಾಗಿವೆ.

"ಬರ್ರಿ ಮೇಡಮ್ಮೋರೆ, ಕುಂದರ್ರಿ" ಎಂದು ಇದ್ದ ಒಂದೇ ಸ್ಟೂಲನ್ನು ಒರೆಸಿ ಕೊಟ್ಟಳು. ನನ್ನನ್ನು ಬೈಯುತ್ತಾಳೆ ಎಂದು ಸಿದ್ಧಳಾಗಿ ಹೋಗಿದ್ದೆ. ಬೈದರೆ ಅದರ ಬೆನ್ನಿಗೇ ನಿಜ ಹೇಳಿಬಿಡಬಹುದು ಎಂದುಕೊಂಡಿದ್ದೆ. ಅವಳು ಮಡಕೆಯ ತಣ್ಣೀರು ಕೊಟ್ಟಳು. "ಅವ್ರಿಗೆ ಒಂದು ಮಾತು ಹೇಳ್ರಿ ನೀವಾರ. ಸರಿಯಾಗಿ ಉಣ್ಣವಲ್ರು. ನೀವು ಹೇಳಿದ್ರ ಕೇಳ್ತಾರ" ಎಂದಳು.

ನಾನು ಏನು ಮಾಡಿದೆ ಗೊತ್ತೇ? ಒಂದು ಪ್ಯಾಕೆಟ್ ಬಲೂನು ಕೊಂಡುಕೊಂಡೆ. ಕೆಂಪು, ಹಳದಿ ಬಲೂನು. ಕೊಂಡುಕೊಂಡು ಎದ್ದು ಬಂದೆ. ದಾರಿಯಲ್ಲಿ ನನ್ನ ಮುಖಕ್ಕೆ ನಾನೇ ಉಗಿದುಕೊಳ್ಳಬೇಕು ಅನ್ನಿಸಿತು. ಅವ್ವ, "ಇವ್ಯಾಕ ತಂದಿ?" ಎಂದಳು. ಪ್ಯಾಕೆಟನ್ನು ಪುಸ್ತಕಗಳ ಹಿಂದೆ ತಳ್ಳಿದೆ.

ಮೇ 4, ಭಾನುವಾರ

ಸಭೆಯಲ್ಲಿ ಹೇಳಿದೆ. ಎದ್ದು ನಿಂತು ಎಲ್ಲವನ್ನೂ ಹೇಳಿದೆ. ಪುಸ್ತಕದ ಹದಿನೈದು ಡಿಗ್ರಿ, ನಮ್ಮ ನಲವತ್ತೊಂದು ಡಿಗ್ರಿ, ಬಿಸಿಗಾಳಿ ಹಗುರ, ತಪ್ಪು ನನ್ನದು, ಪಕ್ಕೀರಪ್ಪಣ್ಣನದಲ್ಲ.

ಆಮೇಲೆ ಸುಂಕಣ್ಣ ಮಾವ ಎದ್ದ. ಅವನ ಕಣ್ಣು ತುಂಬಿತ್ತು.

"ಕೇಳಿದ್ರ್ಯಾ? ಒಬ್ಬ ಬಡವನ ಮಾನ ಉಳಿಸಾಕ ತಪ್ಪು ತನ್ನ ತಲಿ ಮ್ಯಾಲೆ ಹಾಕ್ಕೊಳ್ಳಾಕತ್ತಾಳ. ಓದು ಅಂದ್ರ ಇದು! ನಮ್ಮ ಹೆಣ್ಮಗಳು ಲೆಕ್ಕ ತಪ್ಪಾಕ ಸಾಧ್ಯ ಐತೇನು? ಆದ್ರ ಮನಸು ನೋಡ್ರಿ ಆಕೀದು!"

ಚಪ್ಪಾಳೆ ಹೊಡೆದರು. ಹೌದು, ಚಪ್ಪಾಳೆ. ಒಬ್ಬ ಮುದುಕ ಬಂದು ನನ್ನ ತಲೆ ಮುಟ್ಟಿ ಆಶೀರ್ವಾದ ಮಾಡಿದ. "ಇಲ್ಲ, ನಿಜವಾಗಿ ನನ್ನ ತಪ್ಪು" ಎಂದು ಕೂಗಿದೆ. ಕೂಗಿದಷ್ಟೂ ನಾನು ದೊಡ್ಡವಳಾದೆ, ಪಕ್ಕೀರಪ್ಪಣ್ಣ ಕಳ್ಳರಾಗಿಯೇ ಉಳಿದರು.

ಜನರದೂ ತಪ್ಪಲ್ಲ. ಇಡೀ ಕೇರಿಗೆ ಲೆಕ್ಕ ಬರುವವಳು ಎಂದು ಇದ್ದವಳು ನಾನೊಬ್ಬಳು. ಆ ಒಬ್ಬಳೂ ತಪ್ಪಿದಳು ಎಂದರೆ ಅವರು ಯಾರನ್ನು ತೋರಿಸಿ ಮಕ್ಕಳಿಗೆ ಓದು ಎನ್ನಬೇಕು?

ಇನ್ನೊಂದನ್ನು ಬರೆಯದಿದ್ದರೆ ಈ ಪುಟವೂ ಸುಳ್ಳಾಗುತ್ತದೆ. ಚಪ್ಪಾಳೆ ಬಿದ್ದಾಗ, ಒಂದೇ ಒಂದು ಕ್ಷಣ, ನನಗೆ ಖುಷಿಯಾಯಿತು. ಏಪ್ರಿಲ್ 14ಕ್ಕೆ ಆದ ನಾಚಿಕೆ ಇದರ ಮುಂದೆ ಏನೂ ಅಲ್ಲ.

ಮೇ 5, ಸೋಮವಾರ

ಮಾತನ್ನು ನಂಬದವರು ಕಣ್ಣನ್ನು ನಂಬಲೇಬೇಕು. ಅದೇ ಬಲೂನು, ಅದೇ ಹೊತ್ತು, ಅದೇ ಬಿಸಿಲು, ಅಷ್ಟೇ ತೂಕ. ಅದು ಎಲ್ಲರ ಎದುರು ಮತ್ತೊಮ್ಮೆ ಏಳದೆ ಕೂರಬೇಕು. ಬಳ್ಳಾರಿಯ ಗ್ಯಾಸಿನವರಿಗೆ ಫೋನ್ ಮಾಡಿ ಸಿಲಿಂಡರ್ ಹೇಳಿದೆ. ಕುರುಗೋಡಿನವರಿಗೂ ಬನ್ನಿ ಎಂದೆ.

ಅವ್ವ ಕೇಳಿದಳು, "ಮತ್ತ ಮಂದಿ ಮುಂದ ಬೀಳಸ್ತೀಯೇನು ಅದನ್ನ?"

"ಹೂಂ."

"ನಗತಾರ."

"ನಗಲಿ ಬಿಡವ್ವ."

ಅವ್ವ ರೊಟ್ಟಿ ತಟ್ಟುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು. ಯಾಕೆ ಹಾಗೆ ನೋಡಿದಳೋ ಗೊತ್ತಿಲ್ಲ. ಬಿಸಿ ರೊಟ್ಟಿ ಮೊದಲು ನನಗೇ ಹಾಕಿದಳು.

ಮೇ 9, ಶುಕ್ರವಾರ

ಪಕ್ಕೀರಪ್ಪಣ್ಣನನ್ನು ಕರೆಯಲು ಗಿರಣಿಗೆ ಹೋದೆ. ಮೈಯೆಲ್ಲ ತೌಡು ಮೆತ್ತಿತ್ತು. "ನಾನು ಬರಂಗಿಲ್ರಿ ಮೇಡಂ. ನಾನು ಕೈ ಹಚ್ಚಿದ್ರ ಮತ್ತ ಕೆಡತೈತಿ" ಎಂದರು. ಕೈ ಹಚ್ಚಬೇಡಿ, ಸುಮ್ಮನೆ ಬಂದು ನೋಡಿ ಎಂದೆ. ಅವರು ಮತ್ತೊಂದು ಚೀಲಕ್ಕೆ ಬೆನ್ನು ಕೊಟ್ಟರು.

ಮೇ 11, ಭಾನುವಾರ

ಸಂಜೆ ನಾಲ್ಕಕ್ಕೆ ಭವನದ ಅಂಗಳ ತುಂಬಿತ್ತು. ಬಿಸಿಲು ಏಪ್ರಿಲ್ ತಿಂಗಳಿನಷ್ಟೇ ಇತ್ತು. ಕುರುಗೋಡಿನವರೂ ಬಂದಿದ್ದರು. ಪಕ್ಕೀರಪ್ಪಣ್ಣ ಒಳಗೆ ಬರಲಿಲ್ಲ, ಗೇಟಿನ ಹತ್ತಿರ ಬೇವಿನ ಗಿಡದ ಕೆಳಗೆ ನಿಂತರು. ಬಂದದ್ದೇ ದೊಡ್ಡದು.

ಗ್ಯಾಸಿನ ಪೈಪನ್ನು ಸುಂಕಣ್ಣ ಮಾವನ ಕೈಗೇ ಕೊಟ್ಟೆ. "ನೀನಾ ತುಂಬು ಮಾವ. ಬಾಯಿ ನೀನಾ ಕಟ್ಟು. ಒಂದೀಟೂ ಬಿಡಬ್ಯಾಡ." ಅವನು ಬೆವರು ಒರೆಸಿಕೊಳ್ಳುತ್ತಾ ಬಲೂನು ಬಿಗಿಯಾಗುವವರೆಗೆ ತುಂಬಿ ಬಾಯಿ ಕಟ್ಟಿದ. ಭಾವಚಿತ್ರವನ್ನು ಎರಡನೇ ಸಲ ನೆಲಕ್ಕೆ ತಾಗಿಸುವ ಧೈರ್ಯ ನನಗಿರಲಿಲ್ಲ. ಅಷ್ಟೇ ತೂಕದ ಅಕ್ಕಿಯನ್ನು ಎಲ್ಲರ ಎದುರು ತೂಗಿ ಚೀಲದಲ್ಲಿ ಕಟ್ಟಿದೆ. ಒಂದು ಕಿಲೋ ಒಂಬೈನೂರು.

"ಇದು ಎರಡು ಕಿಲೋ ಮುನ್ನೂರು ಎತ್ತತೈತಿ ಅಂತ ನಾನು ಹೇಳಿದ್ದೆ. ಬಿಡ್ರಿ ಹಗ್ಗ" ಎಂದೆ.

ಬಿಟ್ಟರು. ಬಲೂನು ಅಲ್ಲಾಡಿತು. ಅಕ್ಕಿಯ ಚೀಲ ನೆಲ ಬಿಡಲಿಲ್ಲ.

ಯಾರೋ ಹೆಂಗಸು ಕಿಸಕ್ಕೆಂದಳು. ಸುಂಕಣ್ಣ ಮಾವ ಕಟ್ಟಿದ ಬಾಯಿಯನ್ನು ಮತ್ತೆ ಮತ್ತೆ ಮುಟ್ಟಿ ನೋಡಿದ, ಕಿವಿಯಿಟ್ಟು ಕೇಳಿದ. ಎಲ್ಲಿಯೂ ಸೋರುತ್ತಿರಲಿಲ್ಲ. ನಾನು ಕೂತು ಚೀಲದಿಂದ ಒಂದೊಂದೇ ಹಿಡಿ ಅಕ್ಕಿ ತೆಗೆದು ಮೊರಕ್ಕೆ ಹಾಕುತ್ತಾ ಹೋದೆ. ಕೊನೆಗೊಮ್ಮೆ ಚೀಲ ಮೆಲ್ಲಗೆ ನೆಲ ಬಿಟ್ಟು ಮೇಲೆದ್ದಿತು. ಇಳಿಸಿ ತೂಗಿದೆವು. ಒಂದು ಕಿಲೋ ನಾನೂರ ಐವತ್ತು.

"ಮಾವ, ನೀನು ಗ್ಯಾಸ್ ಕದ್ದಿ ಏನು?" ಎಂದು ಕೇಳಿದೆ.

ಅವನು ಸಿಟ್ಟಿನಿಂದ ನನ್ನನ್ನು ನೋಡಿದ. ನೋಡುತ್ತಾ ನೋಡುತ್ತಾ ಅವನ ಮುಖ ಇಳಿಯಿತು. ಈ ಸಲ ಯಾರೂ ಚಪ್ಪಾಳೆ ಹೊಡೆಯಲಿಲ್ಲ. ನನ್ನ ತಲೆಯನ್ನೂ ಯಾರೂ ಮುಟ್ಟಲಿಲ್ಲ. "ಅಷ್ಟು ಓದಿ ಇದೂ ಗೊತ್ತಾಗಲಿಲ್ಲೇನು" ಎಂದು ಹಿಂದಿನಿಂದ ಒಂದು ದನಿ ಬಂತು. ಸರಿಯಾಗಿಯೇ ಕೇಳಿದರು. ನನ್ನ ಕಿವಿ ಕಾದಿತ್ತು, ಆದರೆ ಎದ್ದು ಹೋಗಬೇಕು ಅನ್ನಿಸಲಿಲ್ಲ.

ಕುರುಗೋಡಿನವರು ತಮ್ಮೊಳಗೇ ಮಾತಾಡಿಕೊಂಡು ಗೇಟಿನ ಕಡೆ ಹೋದರು. ಕಮಾನಿನ ಮಾತು ಇರಬೇಕು. ಪಕ್ಕೀರಪ್ಪಣ್ಣ ಅವರನ್ನು ದಾಟಿ ನೇರ ನನ್ನ ಹತ್ತಿರ ಬಂದರು. ಅದೇ ಮೊದಲ ಸಲ ಅವರು ನನ್ನ ಮುಖ ನೋಡಿದ್ದು.

"ಮೇಡಂ, ಅವತ್ತು ನಾನು ಗ್ಯಾಸ್ ಬಿಡದಿದ್ರೂ ಅದು ಏಳ್ತಿದ್ದಿಲ್ಲೇನ್ರಿ?"

"ಇಲ್ಲಣ್ಣ. ಏಳ್ತಿದ್ದಿಲ್ಲ. ನನ್ನ ಲೆಕ್ಕ ತಪ್ಪಿತ್ತು. ತಪ್ಪಿದ್ದೂ ಅಲ್ಲದ ನಿಮ್ಮ ಮ್ಯಾಲೆ ಹಾಕಿದೆ."

ಅವರಿಗೆ ನನ್ನ ಕೊನೆಯ ಮಾತು ಕೇಳಿಸಿತೋ ಇಲ್ಲವೋ.

"ಕಳ್ಳ ಅಂದದ್ದು ಇರ್ಲಿ ಬಿಡ್ರಿ. ಅಂದವ್ರು ಮರೀತಾರ. ಬಾಬಾಸಾಹೇಬ್ರನ್ನ ಕೆಸರಾಗ ಕೆಡವಿದ್ದು ನನ್ನ ಕೈ ಅಂತ..." ಎರಡೂ ಕೈಯನ್ನು ಪಂಚೆಗೆ ಒರೆಸಿಕೊಂಡರು. "ಬುದ್ಧ ವಿಹಾರದ ಮೆಟ್ಲ ಹತ್ತಿಲ್ರಿ ಅವತ್ತಿಂದ. ಹೆಂಗ ಹತ್ತಲಿ?"

ನಾನು ಇಷ್ಟು ದಿನ ಅಂಗಡಿ ಹೋಯಿತು, ಹೆಸರು ಹೋಯಿತು ಎಂದು ಕೊರಗಿದ್ದೆ. ಇದು ನನಗೆ ಹೊಳೆದೇ ಇರಲಿಲ್ಲ.

"ನಾಳೆ ಬುದ್ಧನ ಹುಣ್ಣಿವಿ" ಎಂದರು. ಆಮೇಲೆ ದನಿ ತಗ್ಗಿಸಿ ಕೇಳಿದರು, "ಹಂಗಾರ ನಾನು ನಾಳೆ ವಿಹಾರಕ್ಕ ಬರಬೌದೇನ್ರಿ ಮೇಡಂ?"

ಅಧ್ಯಕ್ಷರು ಅಲ್ಲೇ ಇದ್ದರು, ಊರ ಹಿರಿಯರೆಲ್ಲ ಅಲ್ಲೇ ಇದ್ದರು. ಆದರೂ ಪಕ್ಕೀರಪ್ಪಣ್ಣ ಅದನ್ನು ಕೇಳಿದ್ದು ಲೆಕ್ಕ ತಪ್ಪಿದ ನನ್ನನ್ನು.